ಹನ್ನೆರಡನೆಯ ಸಾಕ್ಷಿ

ಅವನನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಮೊದಮೊದಲು ತಕ್ಕಡಿ ರಿಪೇರಿಯವನು ಎನ್ನುತ್ತಿದ್ದ ಜನ, ಅಷ್ಟುದ್ದ ಯಾರು ಹೇಳುತ್ತಾರೆ ಎಂದು ಬಾಲ ಕತ್ತರಿಸಿ ತಕ್ಕಡಿಯನ್ನಷ್ಟೇ ಉಳಿಸಿಕೊಂಡರು. ಅವನಿಗೂ ಅದರಿಂದ ಬೇಸರವಿರಲಿಲ್ಲ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಬೀಗದ ಅಂಗಡಿಗೂ ಹಾಲಿನ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಅವನ ಮಳಿಗೆಯಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ಗೋಡೆಯ ಕಪಾಟಿನಲ್ಲಿ ಅಸಲಿ ತೂಕದ ಬಟ್ಟುಗಳನ್ನು ಇಟ್ಟಿದ್ದ. ಅವನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಬೆರಳಿನ ಬೆವರು ಅಂಟಿದರೂ ತೂಕ ಕೂದಲೆಳೆಯಷ್ಟು ಏರುತ್ತದೆಂದು ಮೆತ್ತನೆಯ ಬಟ್ಟೆಯಲ್ಲಿ ಹಿಡಿದು ಎತ್ತುತ್ತಿದ್ದ. ಒಮ್ಮೆ ಮೀನಿನ ವ್ಯಾಪಾರಿಯೊಬ್ಬ ಕಣ್ಣು ಮಿಟುಕಿಸಿ, "ಸ್ವಲ್ಪ ನನ್ನ ಕಡೆಗೆ ವಾಲಿಸಿ ಕೊಡಪ್ಪ" ಎಂದಾಗ, ಬಿಚ್ಚಿಟ್ಟಿದ್ದ ತಕ್ಕಡಿಯನ್ನು ಹಾಗೇ ಬುಟ್ಟಿಗೆ ತುಂಬಿ ಅವನ ಕೈಗೆ ಕೊಟ್ಟು ಕಳಿಸಿದ್ದ. ಪಾಪ, ಆ ಮನುಷ್ಯ ಸ್ಕ್ರೂಗಳನ್ನೆಲ್ಲ ಜೇಬಿಗೆ ಹಾಕಿಕೊಂಡು ಹೋಗಬೇಕಾಯಿತು.

ಇಂಥವನು ಸುಳ್ಳು ಹೇಳಿದ. ಅದೂ ದೇವರ ಆಲಯದಲ್ಲಿ, ಮೈಕ್ ಹಿಡಿದು ಮಾತಾಡಿದ ಹನ್ನೊಂದು ಸಲದಲ್ಲಿ ಒಂಬತ್ತು ಸಲ.

ಅವರ ಕ್ರೈಸ್ತ ಸಭೆಯಲ್ಲಿ ಭಾನುವಾರದ ಪ್ರಸಂಗ, ಅಂದರೆ ಪ್ರವಚನ, ಮುಗಿದ ಮೇಲೆ, ದೇವರಿಂದ ಏನಾದರೂ ಪಡೆದವರು ಎದ್ದು ನಿಂತು ಹೇಳಿಕೊಳ್ಳುವ ರೂಢಿ. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಎರಡು ವರ್ಷದ ಹಿಂದೆ ಅವನ ಹೆಂಡತಿಯ ಕುತ್ತಿಗೆಯಲ್ಲಿ ಗೆಡ್ಡೆ ಬಂದಿತ್ತು. ಹೆಂಡತಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರು. ಸಭೆಯಲ್ಲೂ ಬೀದಿಯಲ್ಲೂ ಆಕೆ ಟೀಚರಮ್ಮನೇ. ಆಸ್ಪತ್ರೆಯಲ್ಲಿ ಆರು ಸಲ ಇಂಜೆಕ್ಷನ್ ಕೊಟ್ಟರು. ತಲೆಗೂದಲು ಉದುರಿತು, ನಾಲಿಗೆಗೆ ರುಚಿ ಹೋಯಿತು. ಸಭೆಯವರು ಸರದಿಯ ಮೇಲೆ ಉಪವಾಸವಿದ್ದು ಪ್ರಾರ್ಥಿಸಿದರು. ಗೆಡ್ಡೆ ಕರಗಿತು. ಮುಂದಿನ ಭಾನುವಾರ ತಕ್ಕಡಿ ಎದ್ದು ನಿಂತು, ಡಾಕ್ಟರ ಕೈಯನ್ನೂ ನಿಮ್ಮ ಪ್ರಾರ್ಥನೆಯನ್ನೂ ದೇವರು ಹರಸಿದ ಎಂದು ಹೇಳಿ, ಅಳು ಬಂದು, ಅರ್ಧಕ್ಕೇ ಕೂತುಬಿಟ್ಟ. ಅಷ್ಟೇ ಸಾಕಿತ್ತು.

ಆದರೆ ಅಷ್ಟಕ್ಕೆ ಬಿಡುವವರು ಯಾರು? ಪಕ್ಕದ ಸಭೆಯವರು ಕರೆದರು, ಅದರಾಚೆಯವರು ಕರೆದರು. ಹೋದಲ್ಲೆಲ್ಲ ಮುಂದಿನ ಸಾಲಿನ ಕುರ್ಚಿ. ಹುಟ್ಟಿದಾಗಿನಿಂದ ಯಾರೂ ಅವನ ಮಾತನ್ನು ಎರಡು ನಿಮಿಷಕ್ಕಿಂತ ಹೆಚ್ಚು ಕೇಳಿರಲಿಲ್ಲ. ಈಗ ಇನ್ನೂರು ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಎಲ್ಲಿ ಜನ "ಸ್ತೋತ್ರ!" ಎಂದು ಕೂಗುತ್ತಾರೋ ಆ ಜಾಗ ಅವನಿಗೆ ತಿಳಿಯತೊಡಗಿತು. ಮೂರನೆಯ ಸಲ ಆರು ಇಂಜೆಕ್ಷನ್ ಎರಡಾದವು. ಐದನೆಯ ಸಲಕ್ಕೆ ಒಂದೂ ಉಳಿಯಲಿಲ್ಲ. ಡಾಕ್ಟರು ಕೈಚೆಲ್ಲಿದರು ಎಂಬ ಮಾತು ಬಂತು. ಯಾವ ಡಾಕ್ಟರೂ ಕೈಚೆಲ್ಲಿರಲಿಲ್ಲ. ಎಂಟನೆಯ ಸಲ, "ಆಸ್ಪತ್ರೆಯ ಚೀಟಿಯನ್ನು ಹರಿದು ಬಿಸಾಡಿದೆವು" ಎಂದ. ಚೀಟಿಯೇನೋ ಟೀಚರಮ್ಮನ ಟ್ರಂಕಿನಲ್ಲಿ ಮಡಚಿದ ಹಾಗೆಯೇ ಇತ್ತು. ಸಭೆಯಲ್ಲಿ ಹೆಂಗಸರ ಸಾಲಿನಲ್ಲಿ ಕೂತಿದ್ದ ಅವಳು ತಲೆ ಎತ್ತಿ ಅವನನ್ನು ನೋಡಿದಳು. ಅವನು ಆ ಕಡೆ ನೋಡಲಿಲ್ಲ.

ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಳ್ಳಬೇಕೆಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಒಂದು ಸಂಜೆ ಬಟ್ಟೆ ಮಡಚುತ್ತಾ ಟೀಚರಮ್ಮ ಕೇಳಿದಳು, "ರೀ, ಒಂದ್ಸಲ ಹೋಗಿ ತೋರಿಸ್ಕೊಂಡು ಬರೋಣ್ವಾ? ತಾರೀಖು ದಾಟಿ ಹೋಯ್ತು."

"ಈಗ್ಯಾಕೆ? ಚೆನ್ನಾಗೇ ಇದ್ದೀಯಲ್ಲ."

"ಚೆನ್ನಾಗಿದ್ರೂ ಬಾ ಅಂದಿದ್ರು."

"ಊರ ತುಂಬ ಸಾಕ್ಷಿ ಹೇಳಿ ಬಂದಿದ್ದೀವಿ. ಆಸ್ಪತ್ರೇಲಿ ಚೀಟಿ ಬರೆಯೋ ಹೆಂಗಸು ನಮ್ಮ ಸಭೆಯವಳೇ. ನಾವು ಅಲ್ಲಿ ಕ್ಯೂನಲ್ಲಿ ನಿಂತಿದ್ದು ನೋಡಿದ್ರೆ ಏನಂದ್ಕೊಳ್ತಾಳೆ? ದೇವರು ಕೊಟ್ಟಿದ್ದನ್ನ ಮತ್ತೆ ಅಳೆದು ನೋಡೋಕೆ ಹೋದ್ರು ಅಂತ ಅಲ್ವಾ?"

ಜೀವಮಾನವಿಡೀ ಅಳೆದು ನೋಡುವುದನ್ನೇ ಕಸುಬು ಮಾಡಿಕೊಂಡವನ ಬಾಯಲ್ಲಿ ಬಂದ ಮಾತು ಇದು! ಅವಳು ಇನ್ನೂ ಎರಡು ಸಲ ಕೇಳಿದಳು. ಎರಡು ಸಲವೂ ಇದೇ ಉತ್ತರ, ಕೊನೆಯ ಸಲ ಸ್ವಲ್ಪ ಜೋರಾಗಿ. ಆಮೇಲೆ ಅವಳು ಕೇಳಲಿಲ್ಲ.

ಒಂಬತ್ತು ತಿಂಗಳು ಕಳೆದ ಮೇಲೆ ಪಾಠ ಹೇಳುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ಕರಿಹಲಗೆಯ ಬುಡದಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ಹಿಂದೆ ಇಂಜೆಕ್ಷನ್ ಕೊಡಿಸಿದ್ದ ಲೇಡಿ ಡಾಕ್ಟರೇ ಇದ್ದರು. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು; ಗೆಡ್ಡೆ ಈ ಸಲ ಹೊಟ್ಟೆಯಲ್ಲಿ ಬೆಳೆದಿತ್ತು. "ಆರು ತಿಂಗಳು ಮುಂಚೆ ಬಂದಿದ್ರೆ..." ಎಂದು ಶುರುಮಾಡಿ, ಅವನ ಮುಖ ನೋಡಿ, ವಾಕ್ಯವನ್ನು ಅಲ್ಲಿಗೇ ಬಿಟ್ಟರು. ಇನ್ನು ನೋವು ಕಡಿಮೆ ಮಾಡುವುದಷ್ಟೇ ಸಾಧ್ಯ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು.

ಸಭೆಯವರಿಗೆ ಅವನು ಜ್ವರ ಎಂದ, ಸುಸ್ತು ಎಂದ. ಬೆಳಿಗ್ಗೆ ಎದ್ದು ಅವಳ ಮುಖ ಒರೆಸುತ್ತಿದ್ದ, ಗಂಜಿ ಕುಡಿಸುತ್ತಿದ್ದ, ಪಕ್ಕದ ಮನೆಯ ಅಜ್ಜಿಯನ್ನು ಕೂರಿಸಿ ಅಂಗಡಿಗೆ ಹೋಗುತ್ತಿದ್ದ. ಪ್ರಾರ್ಥಿಸಲು ಮೊಣಕಾಲೂರಿದರೆ ಬಾಯಿಗೆ ಬರುತ್ತಿದ್ದದ್ದು ಸಾಕ್ಷಿಯ ಮಾತುಗಳೇ, ಅದೇ ಏರಿಳಿತ, ಅದೇ ನಿಲುಗಡೆ. ತನ್ನ ಧ್ವನಿ ಕೇಳಿ ತನಗೇ ಹೇಸಿಗೆಯಾಗಿ ಎದ್ದುಬಿಡುತ್ತಿದ್ದ. ದೇವರು ಸಿಟ್ಟಾಗಿದ್ದಾನೆ ಎಂದಾದರೂ ಅನಿಸಿದ್ದರೆ ಒಂದು ಸಮಾಧಾನವಿರುತ್ತಿತ್ತು. ಸಿಟ್ಟಾದರೂ ಆ ಕಡೆ ಒಬ್ಬನಿದ್ದಾನೆ ಎಂದಾಗುತ್ತಿತ್ತು. ಇವನಿಗೆ ಅಷ್ಟೂ ಅನಿಸಲಿಲ್ಲ. ಮೇಲೆ ಚಾವಣಿ ಇತ್ತು, ಚಾವಣಿಯಲ್ಲಿ ಫ್ಯಾನಿತ್ತು, ಅಷ್ಟೇ.

ಹೀಗಿರುವಾಗ ಒಂದು ಬುಧವಾರ ಮಧ್ಯಾಹ್ನ ಅಂಗಡಿಗೆ ಹೊಲಿಗೆಯವಳು ಬಂದಳು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವ ಕೆಲಸ ಅವಳದು. ಸಭೆಗೆ ಬರಲು ಶುರುಮಾಡಿ ವರ್ಷವೂ ಆಗಿರಲಿಲ್ಲ. ಮೂವತ್ತರ ಆಸುಪಾಸು, ಮನೆಯಲ್ಲಿ ಎರಡು ಚಿಕ್ಕ ಹೆಣ್ಣುಮಕ್ಕಳು. ಮುಖವೆಲ್ಲ ನಗು.

"ಅಣ್ಣಾ, ನಿಮಗೆ ಒಂದು ವಿಷಯ ಹೇಳ್ಬೇಕಿತ್ತು. ನನಗೆ ಎದೇಲಿ ಗೆಡ್ಡೆ ಇದೆ ಅಂತ ಗೊತ್ತಾಗಿ ಎರಡು ತಿಂಗಳಾಯ್ತು. ಎರಡು ಇಂಜೆಕ್ಷನ್ ಆಯ್ತು, ಇನ್ನೂ ನಾಲ್ಕಿದೆ ಅಂದ್ರು. ಆಮೇಲೆ ನಿಮ್ಮ ಸಾಕ್ಷಿ ನೆನಪಾಯ್ತು ನೋಡಿ. ಟೀಚರಮ್ಮಂಗೆ ಮಾಡಿದ ದೇವರು ನಂಗೆ ಮಾಡಲ್ವಾ? ನಾನೂ ಚೀಟಿ ಹರಿದು ಹಾಕಿದೆ. ಮೂರು ವಾರ ಆಯ್ತು, ಆ ಕಡೆ ತಲೆನೇ ಹಾಕಿಲ್ಲ. ಎಷ್ಟು ಹಗುರ ಆಗಿದೆ ಗೊತ್ತಾ!"

ತಕ್ಕಡಿಯ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು: ಹರಿದ ಚೀಟಿಯ ಕಥೆ ಸುಳ್ಳು ತಂಗಿ, ಹೋಗು, ಇವತ್ತೇ ಹೋಗು. ಅವನು ಬಾಯಿ ತೆರೆದ. ಬಂದದ್ದು, "ದೇವರು ದೊಡ್ಡವನಮ್ಮ."

ಅವಳು ಕೈಮುಗಿದು ಹೋದಳು. ಅವನು ಹಾಗೇ ಕೂತಿದ್ದ. ಹಾಲಿನ ಅಂಗಡಿಯವನು ಎರಡು ಸಲ ಕರೆದರೂ ಕೇಳಿಸಲಿಲ್ಲ. ಮರುದಿನ ಕಾರ್ಖಾನೆಯ ಗೇಟಿನವರೆಗೂ ಹೋದ. ಪಾಳಿ ಮುಗಿಸಿ ಹೊರಬಂದ ಹೆಂಗಸರ ಗುಂಪಿನಲ್ಲಿ ಅವಳ ನಗುಮುಖ ಕಂಡದ್ದೇ ತಡ, ಕರೆಂಟು ಕಂಬದ ಮರೆಗೆ ಸರಿದ. ಐವತ್ತೆರಡು ವರ್ಷದ ಗಂಡಸು, ಕಂಬದ ಮರೆಯಲ್ಲಿ! ಒಬ್ಬಳ ಮುಂದೆ ಹೇಳಲಾಗದ್ದನ್ನು ಎಲ್ಲರ ಮುಂದೆ ಹೇಳುತ್ತೇನೆ ಎಂದು ನಿರ್ಧರಿಸಿದ. ಹೇಡಿಗಳಿಗೆ ಒಮ್ಮೊಮ್ಮೆ ಮೈಕೇ ಸುಲಭ.

ಶನಿವಾರ ಅಯ್ಯನವರ ಮನೆಗೆ ಹೋದ. ಸಭೆಯನ್ನು ನಡೆಸುವ ಅಯ್ಯನವರು ಅಂಗಿಯ ತೋಳು ಮಡಚಿಕೊಂಡು ಸೋರುವ ನಲ್ಲಿಯನ್ನು ತಿರುಗಿಸುತ್ತಾ ಕೂತಿದ್ದರು. ತಕ್ಕಡಿ ಎಲ್ಲವನ್ನೂ ಹೇಳಿದ; ಎಲ್ಲವನ್ನೂ ಎಂದರೆ, ಆಗ ಅವನು ಎಲ್ಲ ಎಂದುಕೊಂಡಿದ್ದನ್ನು. ಅಯ್ಯನವರು ನಲ್ಲಿಯನ್ನು ಬಿಟ್ಟು ಕೈ ಒರೆಸಿಕೊಂಡರು.

"ನಿನ್ನ ಕಥೆ ಪ್ರತಿ ಸಲ ಒಂದು ಗೇಣು ಬೆಳೀತಿತ್ತು," ಎಂದರು. "ನನಗೆ ಗೊತ್ತಾಗ್ತಿತ್ತು. ಕೇಳಬೇಕಿತ್ತು. ಸಭೆ ತುಂಬ್ತಿತ್ತು ನೋಡು, ಸುಮ್ಮನಿದ್ದುಬಿಟ್ಟೆ. ನಾಳೆ ಹೇಳು. ತಡೆಯೋದಕ್ಕೆ ನನಗೆ ಮುಖ ಇಲ್ಲ."

ಭಾನುವಾರ ಅವನು ಎದ್ದಾಗ ಎಲ್ಲರೂ ಹಿಗ್ಗಿದರು. ತಕ್ಕಡಿಯ ಸಾಕ್ಷಿ ಎಂದರೆ ಸುಮ್ಮನೆಯೇ! ಮೈಕ್ ಹಿಡಿದ.

"ನನ್ನ ಹೆಂಡತಿ ಸಾಯ್ತಾ ಇದ್ದಾಳೆ," ಎಂದ.

"ಸ್ತೋತ್ರ!" ಎಂದರು ಹಿಂದಿನ ಸಾಲಿನ ಯಾರೋ ಹಿರಿಯರು. ಪಾಪ, ಅಭ್ಯಾಸಬಲ. ಕೂಗಿದ ಮೇಲೆ ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡರು.

ಅವನು ಮುಂದುವರಿಸಿದ. ಆರು ಇಂಜೆಕ್ಷನ್ ಕೊಟ್ಟಿದ್ದರು. ಡಾಕ್ಟರು ಕೈಚೆಲ್ಲಿರಲಿಲ್ಲ. ಚೀಟಿ ಹರಿದಿರಲಿಲ್ಲ, ಟ್ರಂಕಿನಲ್ಲೇ ಇದೆ. ಆಮೇಲೆ ತೋರಿಸಿಕೊಳ್ಳಲು ಬಾ ಎಂದಿದ್ದರು, ನಾವು ಹೋಗಲಿಲ್ಲ. ಸಾಕ್ಷಿ ಸುಳ್ಳಾಗುತ್ತದೆ ಎಂದು ಹೆದರಿ ನಾವು ಆಸ್ಪತ್ರೆಯನ್ನೇ ಬಿಟ್ಟೆವು. ಯಾರಾದರೂ ನಮ್ಮ ಮಾತು ಕೇಳಿ ಔಷಧಿ ಬಿಟ್ಟಿದ್ದರೆ ದಯವಿಟ್ಟು ನಾಳೆಯೇ ಹೋಗಿ. ಇಷ್ಟು ಹೇಳಿ ಮೈಕನ್ನು ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಮೇಲಿಟ್ಟ. ಅದು ಉರುಳಿ ಬಿದ್ದು ಕಿರ್ರೆಂದಿತು. ಯಾರೂ ಹಾಡು ಶುರುಮಾಡಲಿಲ್ಲ. ಹೊರಗೆ ಚಪ್ಪಲಿ ಹುಡುಕುವಾಗ ಜನ ಅವನ ಸುತ್ತ ಒಂದು ಮಾರು ಜಾಗ ಬಿಟ್ಟು ನಿಂತರು.

ಹೊಲಿಗೆಯವಳು ಮಾತ್ರ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು, ಆದರೆ ಗಲ್ಲ ಮೇಲೆತ್ತಿದ್ದಳು.

"ಗೊತ್ತಾಯ್ತಣ್ಣ ಏನಾಯ್ತು ಅಂತ. ನಿಮ್ಮಿಬ್ಬರಿಗೂ ನಂಬಿಕೆ ಸಡಿಲ ಆಗಿದೆ. ಆವತ್ತು ಟೀಚರಮ್ಮ ಆ ಚೀಟಿ ನಿಜವಾಗ್ಲೂ ಹರಿದು ಹಾಕಿದ್ರೆ ಹೀಗಾಗ್ತಿರಲಿಲ್ಲ. ಟ್ರಂಕಲ್ಲಿ ಇಟ್ಕೊಂಡ್ರಲ್ಲ, ಅಲ್ಲೇ ಅನುಮಾನ ಇತ್ತು. ನಾನು ಹರಿದು ಹಾಕಿದೀನಿ. ನನಗೇನೂ ಆಗಲ್ಲ."

ಅವನು ಏನೋ ಹೇಳಹೋದ. ಅವಳು ಆಗಲೇ ಮಕ್ಕಳ ಕೈ ಹಿಡಿದು ಗೇಟು ದಾಟಿದ್ದಳು.

ಮನೆಗೆ ಬಂದು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಒಂದೂ ಬಿಡದೆ ಹೆಂಡತಿಗೆ ಹೇಳಿದ. ನಿಜ ಹೇಳಿಬಿಟ್ಟೆ ಎಂಬ ಒಂದು ಚೂರು ಹೆಮ್ಮೆಯೂ ಅದರಲ್ಲಿತ್ತು, ಸುಳ್ಳೇಕೆ? ಟೀಚರಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು. ಮೈ ಕಡ್ಡಿಯಾಗಿತ್ತು, ಹೊದಿಕೆಯ ಕೆಳಗೆ ಹೊಟ್ಟೆ ಮಾತ್ರ ಎತ್ತರವಾಗಿತ್ತು.

"ಏನಂದ್ರಿ? ಆ ಜಾಗ ಇನ್ನೊಂದ್ಸಲ ಹೇಳಿ."

"ಯಾವ ಜಾಗ?"

"ಆಸ್ಪತ್ರೆಗೆ ಹೋಗ್ಲಿಲ್ಲ ಅಂದ್ರಲ್ಲ, ಅದು."

"ನಾವು ಹೆದರಿ ಆಸ್ಪತ್ರೆಯನ್ನ ಬಿಟ್ವಿ ಅಂದೆ."

"ನಾವು," ಎಂದಳು ಟೀಚರಮ್ಮ.

ಇಪ್ಪತ್ತು ವರ್ಷ ಮಕ್ಕಳಿಗೆ ನಾನು ಎಂದರೆ ಒಬ್ಬ, ನಾವು ಎಂದರೆ ಹಲವರು ಎಂದು ಹಲಗೆಯ ಮೇಲೆ ಬರೆದವಳು. ಕಣ್ಣು ತೆರೆದಳು. ಆ ಕಣ್ಣಿನಲ್ಲಿದ್ದ ಕೋಪವನ್ನು ಅವನು ಮದುವೆಯಾದಾಗಿನಿಂದ ನೋಡಿರಲಿಲ್ಲ.

"ನಾವು ಅಲ್ಲ ರೀ. ನಾನು ಕೇಳಿದ್ದೆ. ಮೂರು ಸಲ ಕೇಳಿದ್ದೆ. ಬಟ್ಟೆ ಮಡಚ್ತಾ ಕೇಳಿದೆ, ಊಟಕ್ಕೆ ಬಡಿಸ್ತಾ ಕೇಳಿದೆ, ಬಾಗಿಲಲ್ಲಿ ನಿಂತು ಕೇಳಿದೆ. ನೀವು ಬೇಡ ಅಂದ್ರಿ. ಹನ್ನೊಂದು ಸಲ ನನ್ನ ರೋಗ ತಗೊಂಡು ನಿಮ್ಮ ಕಥೆ ಮಾಡಿದ್ರಿ. ಈಗ ತಪ್ಪು ಒಪ್ಕೊಳ್ಳೋಕೆ ಹೋದವರು ಅದರಲ್ಲೂ ನನಗೆ ಅರ್ಧ ಹಂಚಿ ಬಂದ್ರಾ?"

ಉಸಿರು ಸಾಲದೆ ನಿಲ್ಲಿಸಿದಳು. ಅವನು ನೀರಿನ ಲೋಟ ಹಿಡಿದ. ಅವಳು ಮುಖ ತಿರುಗಿಸಿದಳು.

ತಕ್ಕಡಿಗೆ ಆಗ ತಾನು ಎಂಥವನು ಎಂಬುದು ಕಂಡಿತು. ಪಶ್ಚಾತ್ತಾಪದಲ್ಲೂ ಕೈಚಳಕ ತೋರಿಸಿದ್ದ. ಬೇಕೆಂದೇ ಮಾಡಿದ್ದಲ್ಲ, ಅದೇ ಇನ್ನೂ ಭಯಂಕರ. ನಾವು ಎಂಬ ಆ ಒಂದು ಮಾತಿನಿಂದಲೇ ಹೊಲಿಗೆಯವಳು ಟೀಚರಮ್ಮನ ನಂಬಿಕೆಯಲ್ಲಿ ತಪ್ಪು ಹುಡುಕಿ, ಸಾವಿನ ದಾರಿ ಹಿಡಿದು ನಗುನಗುತ್ತಾ ಹೋಗಿದ್ದಳು. ಅವನು ಅಳಲಿಲ್ಲ. ಅತ್ತರೆ ಅದೂ ಒಂದು ಸಾಕ್ಷಿಯಾಗಿಬಿಡುತ್ತದೆ ಎಂದು ಹೆದರಿದ. ಒಳಗೆ ಏನೂ ಉಳಿದಿರಲಿಲ್ಲ. ಬೇಡಲು ಮುಖವಿಲ್ಲ, ಆಣೆಯಿಟ್ಟು ಹೇಳಲು ಬಾಯಿಲ್ಲ. ಇಷ್ಟು ವರ್ಷ ದೇವರ ಮುಂದೆ ಏನಾದರೂ ಹಿಡಿದುಕೊಂಡೇ ನಿಂತಿದ್ದವನು ಮೊದಲ ಸಲ ಬರಿಗೈಯಲ್ಲಿದ್ದ.

"ದೇವರೇ, ಇವಳು ಕೇಳಿದ್ದಳು. ನಾನು ಬೇಡ ಅಂದೆ," ಎಂದ. ಅದನ್ನು ಪ್ರಾರ್ಥನೆ ಎನ್ನಬಹುದೋ ಇಲ್ಲವೋ. ಯಾವ ಬೆಳಕೂ ಮೂಡಲಿಲ್ಲ, ಎದೆ ಹಗುರವಾಗಲಿಲ್ಲ. ಮುಂದೆ ಸೇರಿಸಲು ಒಂದು ಮಾತೂ ಸಿಗಲಿಲ್ಲ.

ಗೋಡೆಯ ಕಡೆ ಮುಖ ಮಾಡಿದ್ದ ಟೀಚರಮ್ಮ ಈ ಕಡೆ ತಿರುಗದೆಯೇ ಹೇಳಿದಳು, "ಆ ಹುಡುಗಿನ ಕರ್ಕೊಂಡು ಬನ್ನಿ. ಈಗಲೇ."

ಹೊಲಿಗೆಯವಳ ಮನೆ ನಾಲ್ಕು ಬೀದಿ ಆಚೆ. ಅವಳು ಬರಲಾರೆ ಎಂದಳು. ಟೀಚರಮ್ಮ ಕರೆದಿದ್ದಾಳೆ, ಎದ್ದು ಬರುವ ಸ್ಥಿತಿಯಲ್ಲಿಲ್ಲ ಎಂದ ಮೇಲೆ ಚಪ್ಪಲಿ ಮೆಟ್ಟಿದಳು. ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಹಾಸಿಗೆಯ ಮೇಲಿದ್ದವಳನ್ನು ಅವಳು ಎರಡು ತಿಂಗಳಿಂದ ನೋಡಿರಲಿಲ್ಲ.

"ಹತ್ತಿರ ಬಾರಮ್ಮ," ಎಂದಳು ಟೀಚರಮ್ಮ. ಅವಳ ಕೈ ಹಿಡಿದು ಹೊದಿಕೆಯ ಕೆಳಗೆ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಮೊದಲು ಕುತ್ತಿಗೇಲಿ ಅಡಿಕೆಯಷ್ಟಿತ್ತು. ಈಗ ಇಲ್ಲಿ ನೋಡು." ಹೊಲಿಗೆಯವಳು ಕೈ ಎಳೆದುಕೊಳ್ಳಲು ನೋಡಿದಳು. ಟೀಚರಮ್ಮ ಬಿಡಲಿಲ್ಲ. ಗಂಡನ ಕಡೆ ತಿರುಗಿ, "ಹೇಳಿ," ಎಂದಳು.

ಅವನು ನಿಂತೇ ಹೇಳಿದ. ಸಭೆಯ ಧ್ವನಿ ಬರಲಿಲ್ಲ, ತೊದಲಿದ.

"ತಂಗಿ, ಇವಳು ಆಸ್ಪತ್ರೆಗೆ ಹೋಗೋಣ ಅಂತ ಮೂರು ಸಲ ಕೇಳಿದ್ಲು. ಇವಳಿಗೆ ಅನುಮಾನ ಇರಲಿಲ್ಲ. ದೇವರ ಮೇಲೆ ನಂಬಿಕೆ ಇದ್ದಿದ್ದಕ್ಕೇ ಡಾಕ್ಟರ ಹತ್ರ ಹೋಗೋಕೆ ಹೆದರಿಕೆ ಇರಲಿಲ್ಲ. ಬೇಡ ಅಂದಿದ್ದು ನಾನು. ನನಗಿದ್ದಿದ್ದು ನಂಬಿಕೆ ಅಲ್ಲ. ಜನ ಏನಂತಾರೋ, ನನ್ನ ಕುರ್ಚಿ ಹೋಗುತ್ತೋ ಅನ್ನೋ ಭಯ. ಅವತ್ತು ಅಂಗಡೀಲಿ ನೀನು ಹೇಳಿದಾಗ್ಲೂ ನನಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ದೇವರು ದೊಡ್ಡವನು ಅಂದೆ."

ಹೊಲಿಗೆಯವಳು ಅವನನ್ನೇ ದಿಟ್ಟಿಸಿದಳು. ಮುಖದಿಂದ ಏನೋ ಜಾರಿಹೋಯಿತು. "ಹಾಗಾದ್ರೆ ದೇವರು ನನ್ನ ವಾಸಿ ಮಾಡಲ್ವಾ?" ಎಂದು ಕೇಳಿದಳು, ಸಣ್ಣ ಹುಡುಗಿಯ ಹಾಗೆ.

ಹಿಂದಿನ ತಕ್ಕಡಿಯಾಗಿದ್ದರೆ ಇದಕ್ಕೆ ಒಂದು ವಾಕ್ಯ ಸಿದ್ಧವಿರುತ್ತಿತ್ತು, ಎರಡಿದ್ದರೂ ಆಶ್ಚರ್ಯವಿಲ್ಲ. "ಗೊತ್ತಿಲ್ಲಮ್ಮ," ಎಂದ. "ನಿಜವಾಗ್ಲೂ ಗೊತ್ತಿಲ್ಲ."

ಅವಳು ಹಾಸಿಗೆಯ ಅಂಚಿಗೆ ತಲೆಯಿಟ್ಟು ಅತ್ತಳು. ಅತ್ತು ಮುಗಿದ ಮೇಲೆ ಕೇಳಿದಳು, "ಅಕ್ಕಾ, ನೀವು ಇವರನ್ನ ಕ್ಷಮಿಸಿದ್ರಾ?"

"ಇಲ್ಲಮ್ಮ," ಎಂದಳು ಟೀಚರಮ್ಮ. "ದಿನಾ ಪ್ರಯತ್ನ ಮಾಡ್ತೀನಿ. ಆಗ್ತಾ ಇಲ್ಲ. ಕ್ಷಮಿಸೋಕೆ ಶಕ್ತಿ ಕೊಡು ಅಂತ ಕೇಳ್ತೀನಿ, ಅದೂ ಬಂದಿಲ್ಲ." ಗಂಡ ಅಲ್ಲೇ ಇದ್ದಾನೆ ಎಂದು ಅವಳು ದನಿ ತಗ್ಗಿಸಲಿಲ್ಲ. "ನಾಳೆ ಏಳು ಗಂಟೆಗೇ ಹೋಗು, ಆಮೇಲೆ ಕ್ಯೂ ಉದ್ದ ಆಗುತ್ತೆ. ಚೀಟಿ ಹರಿದಿದ್ರೂ ಹೆಸರು ಹೇಳಿದ್ರೆ ಹೊಸದು ಬರ್ಕೊಡ್ತಾರೆ. ಇವರು ಜೊತೆಗೆ ಬರ್ತಾರೆ."

ಸೋಮವಾರ ಅವನು ಅಂಗಡಿ ತೆರೆಯಲಿಲ್ಲ. ಕ್ಯೂನಲ್ಲಿ ಅವಳ ಹಿಂದೆ ನಿಂತ. ಚೀಟಿ ಬರೆಯುವ ಹೆಂಗಸು ಅವನನ್ನು ನೋಡಿ ಮುಖ ಸಿಂಡರಿಸಿದಳು. ನಿನ್ನೆಯ ಮಾತು ಅವಳೂ ಕೇಳಿದ್ದಳು. ಅವನು ತಲೆ ತಗ್ಗಿಸಲಿಲ್ಲ, ಎತ್ತಲೂ ಇಲ್ಲ. ಒಳಗೆ ಹೆಸರು ಕರೆದಾಗ ಹೊಲಿಗೆಯವಳು ಒಂದು ಕ್ಷಣ ಬಾಗಿಲಿನ ಕಡೆ ತಿರುಗಿದಳು, ಓಡಿಹೋಗುವವಳ ಹಾಗೆ. "ನಾನು ಇಲ್ಲೇ ಕೂತಿರ್ತೀನಿ," ಎಂದ. ಅವಳು ಒಳಗೆ ಹೋದಳು. ಬಿಸಿಲು ಬೆಂಚಿನ ಈ ತುದಿಯಿಂದ ಆ ತುದಿಗೆ ಸರಿಯುವವರೆಗೂ ಅವನು ಅಲ್ಲೇ ಕೂತಿದ್ದ. ಅದೇ ಒಂದು ಮಾತನ್ನು, ಇವಳು ಕೇಳಿದ್ದಳು ಎಂಬುದನ್ನು, ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ.

ಮಧ್ಯಾಹ್ನ ಮನೆಗೆ ಬಂದಾಗ ಟೀಚರಮ್ಮ ಎಚ್ಚರವಾಗಿದ್ದಳು. ಅಜ್ಜಿ ಎದ್ದು ತನ್ನ ಮನೆಗೆ ಹೋದರು.

"ಒಳಗೆ ಹೋದ್ಲಾ?"

"ಹೋದ್ಲು. ಇಂಜೆಕ್ಷನ್ ಆಯ್ತು."

"ತಡ ಆಯ್ತು ಅಂದ್ರಾ?"

"ಇಲ್ಲ. ಮೂರು ವಾರ ಅಷ್ಟೇ, ಸರಿಹೋಗುತ್ತೆ ಅಂದ್ರು. ಸರಿಯಾದ ಹೊತ್ತಿಗೆ ಬಂದೆ ಅಂದ್ರು."

"ಒಳ್ಳೇದಾಯ್ತು," ಎಂದಳು. ಮತ್ತೆ, "ಒಳ್ಳೇದಾಯ್ತು ಬಿಡಿ," ಎಂದಳು. ತುಟಿ ಕಚ್ಚಿಕೊಂಡಳು. ಇಷ್ಟು ದಿನ ನೋವಿಗೂ ಅಳದಿದ್ದವಳ ಮುಖ ಒಮ್ಮೆಲೇ ಮುದುಡಿ ಹೋಯಿತು.

"ನನ್ನನ್ನೂ ಹೀಗೇ ಕರ್ಕೊಂಡು ಹೋಗಬಹುದಿತ್ತಲ್ವಾ ರೀ?"

ಅವನು ನೆಲದ ಮೇಲೆ ಕೂತು ಮಂಚದ ಪಟ್ಟಿಯನ್ನು ಹಿಡಿದುಕೊಂಡ.

"ಹೋಗಬಹುದಿತ್ತು," ಎಂದ.